ಯಂತ್ರವೂ ಒಬ್ಬ ಲಿಪಿಕಾರನೇ



ಶ್ರಾವಣ ಮಾಸ ಬಂತೆಂದರೆ ನಮ್ಮ ಮಠಗಳಲ್ಲಿ ತಿಂಗಳ ಪರ್ಯಂತ ಪುರಾಣ-ಪ್ರವಚನಗಳು ನಡೆಯುವುದು ತಲೆಮಾರುಗಳಿಂದ ಬಂದ ಸಂಪ್ರದಾಯ. ಹಿಂದೆ ಅವು ಕೇಳಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತಿದ್ದವು. ಆಮೇಲೆ ಧ್ವನಿಸುರುಳಿ ಬಂದಿತು. ಅದರ ಬೆನ್ನಿಗೆ ವಿಡಿಯೋ ಕ್ಯಾಸೆಟ್ಟು ಬಂದಿತು. ಇಂದು ಅಂಗೈಯಲ್ಲಿ ಹಿಡಿಯಬಹುದಾದ, ಬೇಕಾದ ಮಸೂರವನ್ನು ಬೇಕಾದಾಗ ಬದಲಿಸಬಹುದಾದ ಸಣ್ಣ ಕ್ಯಾಮೆರಾ ಬಂದಿದೆ. ಮಠಕ್ಕೆ ಗಂಟೆಯನ್ನೋ ದಾಸೋಹದ ಪಾತ್ರೆಯನ್ನೋ ಅರ್ಪಿಸುತ್ತಿದ್ದ ಸದ್ಭಕ್ತರು ಇಂಥದೊಂದು ಯಂತ್ರವನ್ನು ಅರ್ಪಿಸಲು ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಮನೆಗಳಲ್ಲಿಯೂ ಮದುವೆ, ಗೃಹಪ್ರವೇಶ, ಹಿರಿಯರ ಮಾತುಕತೆಗಳನ್ನು ಹಿಡಿದಿಡಲು ಇದನ್ನು ಕೊಳ್ಳುವವರು ಹೆಚ್ಚುತ್ತಿದ್ದಾರೆ. ಆದರೆ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಇದರಲ್ಲಿ 4ಕೆ ಇದೆಯಲ್ಲ, ಸಾಕಲ್ಲವೇ?"

ಸಾಲದು ಎಂಬುದು ನಮ್ಮ ಅಭಿಮತ. ಏಕೆ ಸಾಲದು, ಹಾಗಾದರೆ ವಿಡಿಯೋದ ಗುಣವನ್ನು ಅಳೆಯುವ ಬಗೆ ಯಾವುದು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಈ ಯಂತ್ರದ ಕುಲಗೋತ್ರವನ್ನು ತಿಳಿಯುವುದು ಒಳ್ಳೆಯದು. ಒಳಗಿನ ಕನ್ನಡಿಯನ್ನು ತೆಗೆದುಹಾಕಿ ಕ್ಯಾಮೆರಾದ ಗಾತ್ರವನ್ನು ಕುಗ್ಗಿಸುವ ಮೈಕ್ರೋ ಫೋರ್ ಥರ್ಡ್ಸ್ ಎಂಬ ಪದ್ಧತಿಯನ್ನು 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್ ಸಂಸ್ಥೆಗಳು ಪ್ರಕಟಿಸಿದವು. ಆ ಪದ್ಧತಿಯ ಮೊದಲ ಕ್ಯಾಮೆರಾ ಅದೇ ವರ್ಷ ಬಂದ ಪ್ಯಾನಸೋನಿಕ್ ಜಿ1. ಅದರಲ್ಲಿ ವಿಡಿಯೋ ಸೌಲಭ್ಯವೇ ಇರಲಿಲ್ಲ. ಮರುವರ್ಷ ಬಂದ ಜಿಎಚ್1 ಆ ಕೊರತೆಯನ್ನು ತುಂಬಿತು. 2010ರಲ್ಲಿ ಸೋನಿ ಸಂಸ್ಥೆಯ ನೆಕ್ಸ್-3 ಮತ್ತು ನೆಕ್ಸ್-5 ಬಂದವು. 2014ರ ಪ್ಯಾನಸೋನಿಕ್ ಜಿಎಚ್4 ಈ ವರ್ಗದ ಕ್ಯಾಮೆರಾದೊಳಗೇ 4ಕೆ ಮುದ್ರಣವನ್ನು ತಂದಿತು. ಹೀಗೆ ಆರೇ ವರ್ಷಗಳಲ್ಲಿ ವಿಡಿಯೋ ಇಲ್ಲದ ಯಂತ್ರ ವಿಡಿಯೋಕ್ಕಾಗಿಯೇ ಬೇಡಿಕೆಯುಳ್ಳ ಯಂತ್ರವಾಯಿತು. ನಮ್ಮ ವಿವೇಚನೆಗೆ ಉದಾಹರಣೆಯಾಗಿ 2021ರಲ್ಲಿ ಬಂದ ಸೋನಿ ಝಡ್‌ವಿ-ಇ10 ಎಂಬ ಮಾದರಿಯನ್ನು ಇಟ್ಟುಕೊಳ್ಳೋಣ. ಬ್ಯಾಟರಿ ಸಹಿತವಾಗಿ ಅದರ ದೇಹದ ತೂಕ 343 ಗ್ರಾಂ. ಬೆಳಕನ್ನು ಗ್ರಹಿಸುವ ಫಲಕ ಸುಮಾರು 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರ. ಕೈಫೋನಿನೊಳಗಿನ ಫಲಕಕ್ಕಿಂತ ಇದು ಹಲವು ಪಟ್ಟು ದೊಡ್ಡದು; ಮಂದ ಬೆಳಕಿನಲ್ಲಿ ಈ ಕ್ಯಾಮೆರಾದ ಮೇಲುಗೈಗೆ ಮುಖ್ಯ ಕಾರಣ ಅದೇ.

ಇನ್ನು 4ಕೆ ಎಂಬ ಸಂಖ್ಯೆಯ ಅರ್ಥವೇನು? ಅಡ್ಡಲಾಗಿ 3840, ಉದ್ದಲಾಗಿ 2160 ಬಿಂದುಗಳು. ಒಟ್ಟು ಸುಮಾರು 83 ಲಕ್ಷ. ಹಿಂದಿನ 1920 ಮತ್ತು 1080ರ ಅಳತೆಗೆ ಇದು ಸರಿಯಾಗಿ ನಾಲ್ಕು ಪಟ್ಟು. ಆದರೆ ಇದು ಹಾಳೆಯ ಅಳತೆಯೇ ಹೊರತು ಬರವಣಿಗೆಯ ಶುದ್ಧಿಯಲ್ಲ. ದೊಡ್ಡ ಹಾಳೆಯಲ್ಲಿ ತಪ್ಪು ಬರೆಯುವವರಿದ್ದಾರೆ. ಚಿಕ್ಕ ಗರಿಯಲ್ಲಿ ಶುದ್ಧವಾಗಿ ಬರೆದವರೂ ಇದ್ದರು.

ಈ ಮಾತು ನಮ್ಮ ಸಮಾಜಕ್ಕೆ ಬೇಗ ಅರ್ಥವಾಗಬೇಕು. ವಚನ ಸಾಹಿತ್ಯ ನಮ್ಮ ಕೈಸೇರಿದ್ದೇ ಲಿಪಿಕಾರರ ಮೂಲಕ. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದಲೂ ಮಠಗಳಿಂದಲೂ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1993ರಲ್ಲಿ ಸಮಗ್ರ ವಚನಗಳು 15 ಸಂಪುಟಗಳಾಗಿ ಪ್ರಕಟವಾದುದು ಓದುಗರಲ್ಲಿ ಅನೇಕರಿಗೆ ನೆನಪಿದ್ದೀತು. ಓಲೆಗರಿಯ ಪ್ರತಿಯನ್ನು ಎದುರಿಗಿಟ್ಟುಕೊಂಡ ಸಂಪಾದಕನು ಗರಿ ಎಷ್ಟು ಉದ್ದವೆಂದು ಮೊದಲು ಕೇಳುವುದಿಲ್ಲ. ಅವನು ಕೇಳುವ ಪ್ರಶ್ನೆಗಳು ಮೂರು. ಲಿಪಿಕಾರನು ಮೂಲದಲ್ಲಿದ್ದುದನ್ನು ಎಲ್ಲಿ ಬಿಟ್ಟಿದ್ದಾನೆ? ಅದು ಲೋಪ. ಮೂಲದಲ್ಲಿಲ್ಲದ್ದನ್ನು ಎಲ್ಲಿ ಸೇರಿಸಿದ್ದಾನೆ? ಅದು ಪ್ರಕ್ಷೇಪ. ಇದ್ದುದನ್ನೇ ಎಲ್ಲಿ ಹಿಂದುಮುಂದು ಮಾಡಿದ್ದಾನೆ? ಅದು ಪಲ್ಲಟ. ಕ್ಯಾಮೆರಾವೂ ಕಣ್ಣೆದುರಿನ ಮೂಲವನ್ನು ನೋಡಿ ಪ್ರತಿಮಾಡುವ ಲಿಪಿಕಾರನೇ ಆದುದರಿಂದ ಈ ಮೂರು ಪ್ರಶ್ನೆಗಳನ್ನು ಅದಕ್ಕೂ ಕೇಳತಕ್ಕದ್ದು.

ಮೊದಲನೆಯದು ಲೋಪ. ನಮ್ಮ ಉದಾಹರಣೆಯ ಕ್ಯಾಮೆರಾದ ಫಲಕದಲ್ಲಿ 2 ಕೋಟಿ 40 ಲಕ್ಷಕ್ಕೂ ಮಿಕ್ಕಿ ಬಿಂದುಗಳಿವೆ. ವಿಡಿಯೋಕ್ಕೆ ಬೇಕಾದುದು 83 ಲಕ್ಷ ಮಾತ್ರ. ಇಷ್ಟನ್ನು ಅಷ್ಟಕ್ಕೆ ಇಳಿಸುವುದು ಹೇಗೆ? ಸೋಮಾರಿಯಾದ ಲಿಪಿಕಾರನು ಒಂದು ಸಾಲು ಓದಿ ಮುಂದಿನ ಸಾಲನ್ನು ಹಾರಿಸುತ್ತಾನೆ. ಹಿಂದಿನ ಅನೇಕ ಕ್ಯಾಮೆರಾಗಳು ಮಾಡುತ್ತಿದ್ದುದು ಇದನ್ನೇ. ಶ್ರದ್ಧಾವಂತನು ಎಲ್ಲ ಸಾಲುಗಳನ್ನೂ ಓದಿ, ಸಾರವನ್ನು ಕೆಡಿಸದೆ ಸಂಗ್ರಹಿಸುತ್ತಾನೆ. ಈ ಮಾದರಿಯು ಸೆಕೆಂಡಿಗೆ 25 ಚಿತ್ರಗಳ ವೇಗದಲ್ಲಿ ಅಗಲದ ಸುಮಾರು 6000 ಬಿಂದುಗಳನ್ನೂ ಓದಿ 3840ಕ್ಕೆ ಇಳಿಸುತ್ತದೆ. ಆದುದರಿಂದ ಅದರ 4ಕೆ ಚಿತ್ರದಲ್ಲಿ ಸೂಕ್ಷ್ಮ ವಿವರಗಳು ಚೆನ್ನಾಗಿ ಉಳಿಯುತ್ತವೆ. ಅದೇ ಯಂತ್ರವನ್ನು ಸೆಕೆಂಡಿಗೆ 30 ಚಿತ್ರಗಳಿಗೆ ಇಟ್ಟರೆ ಅಂಚುಗಳನ್ನು ಕತ್ತರಿಸಿ ನಡುವಿನ ಭಾಗವನ್ನು ಮಾತ್ರ ಬಳಸುತ್ತದೆ. ದೃಶ್ಯದ ಅಗಲ ಕುಗ್ಗುತ್ತದೆ. ಎರಡರ ಮೇಲೆಯೂ ಬರೆದಿರುವುದು 4ಕೆ ಎಂದೇ! ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಹಿರಿಯರೊಬ್ಬರ ಕೊರಳಿನ ರುದ್ರಾಕ್ಷಿಮಾಲೆಯನ್ನು ಚಿತ್ರಿಸಿ, ಮನೆಯ ದೊಡ್ಡ ಟಿ.ವಿ.ಯಲ್ಲಿ ನೋಡಿರಿ. ಮಣಿಗಳ ಮುಖಗಳ ಗೆರೆಗಳು ಕಾಣುತ್ತವೆಯೋ, ಕಂದು ಉಂಡೆಗಳು ಮಾತ್ರ ಕಾಣುತ್ತವೆಯೋ?

ಲೋಪದ ಇನ್ನೊಂದು ಮುಖ ಬಿಳಿಯ ಬಣ್ಣದಲ್ಲಿದೆ. 2023ರ ಜನವರಿ 2ರಂದು ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳನ್ನು ನೆನೆಯಿರಿ. ಶುಭ್ರವಾದ ಬಿಳಿಯ ಉಡುಪು, ಎದುರಿಗೆ ಬೆಳಗಿನ ಬಿಸಿಲು. ಇಂಥ ದೃಶ್ಯದಲ್ಲಿ ಬೆಳಕು ಒಂದು ಮಿತಿಯನ್ನು ಮೀರಿತೆಂದರೆ ಫಲಕದ ಬಿಂದುಗಳು ತುಂಬಿ ತುಳುಕುತ್ತವೆ. ಆಮೇಲೆ ಎಷ್ಟು ಬೆಳಕು ಬಂದರೂ ದಾಖಲಾಗುವುದು ಒಂದೇ ಬಿಳಿ. ಬಟ್ಟೆಯ ಮಡಿಕೆಗಳು ಮಾಯವಾಗುತ್ತವೆ. ಹಣೆಯ ತ್ರಿಪುಂಡ್ರ ಭಸ್ಮದ ರೇಖೆಯಾಗಿ ಉಳಿಯದೆ ಸುಣ್ಣದ ಪಟ್ಟಿಯಾಗುತ್ತದೆ. ಹೀಗೆ ಹೋದ ವಿವರವನ್ನು ಮುಂದೆ ಯಾವ ತಿದ್ದುಪಡಿಯೂ ಮರಳಿ ತರಲಾರದು. ಆದುದರಿಂದ ಬೆಳಕನ್ನು ಸ್ವಲ್ಪ ತಗ್ಗಿಸಿ ಮುದ್ರಿಸುವುದು ಲೇಸು. ಬಿಳಿ ಪಂಚೆ ಉಟ್ಟವರನ್ನೂ ಅವರ ಹಿಂದಿನ ಕತ್ತಲೆಯ ಬಾಗಿಲನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು, ಎರಡು ಕಡೆಯ ವಿವರವೂ ಎಷ್ಟು ಉಳಿದಿದೆ ಎಂದು ನೋಡುವುದೇ ಇದಕ್ಕೆ ಪರೀಕ್ಷೆ.

ಎರಡನೆಯದು ಪ್ರಕ್ಷೇಪ. ನಮ್ಮ ಹೆಣ್ಣುಮಕ್ಕಳ ಗುಳೇದಗುಡ್ಡದ ಖಣವಾಗಲಿ, ಇಳಕಲ್ಲಿನ ಸೀರೆಯ ಸಣ್ಣ ಚೌಕಳಿಯಾಗಲಿ ಕ್ಯಾಮೆರಾಕ್ಕೆ ಬಹು ಕಠಿಣವಾದ ಪರೀಕ್ಷೆ. ನೇಯ್ಗೆಯ ಸೂಕ್ಷ್ಮ ಗೆರೆಗಳಿಗೂ ಫಲಕದ ಬಿಂದುಗಳ ಸಾಲುಗಳಿಗೂ ಹೊಂದಿಕೆಯಾಗದಿದ್ದಾಗ ಬಟ್ಟೆಯ ಮೇಲೆ ಇಲ್ಲದ ಅಲೆಗಳೂ ಕಾಮನಬಿಲ್ಲಿನ ಬಣ್ಣಗಳೂ ಹರಿದಾಡುತ್ತವೆ. ಸಾಲು ಹಾರಿಸುವ ಕ್ಯಾಮೆರಾದಲ್ಲಿ ಈ ದೋಷ ಹೆಚ್ಚು. ನೇಕಾರನು ನೇಯದ ಬಣ್ಣವನ್ನು ಯಂತ್ರ ನೇಯ್ದರೆ ಅದು ಪ್ರಕ್ಷೇಪವಲ್ಲದೆ ಮತ್ತೇನು?

ಮಂದ ಬೆಳಕಿನಲ್ಲಿ ಇನ್ನೊಂದು ಬಗೆಯ ಪ್ರಕ್ಷೇಪ ತೋರುತ್ತದೆ. ಗರ್ಭಗುಡಿಯ ದೀಪದ ಬೆಳಕಿನಲ್ಲಿ ಚಿತ್ರವು ರವೆಯಂತೆ ಕುಣಿಯತೊಡಗುತ್ತದೆ. ಇದನ್ನು ಮುಚ್ಚಲು ಯಂತ್ರವು ತಾನಾಗಿಯೇ ಒಂದು ಸಾರಣೆ ಮಾಡುತ್ತದೆ. ರವೆಯೊಂದಿಗೆ ಅಜ್ಜಿಯ ಮುಖದ ಸುಕ್ಕುಗಳೂ ಒರೆಸಿಹೋಗುತ್ತವೆ. ನೋಡುವವರು ಚಿತ್ರ ನುಣುಪಾಗಿದೆ ಎಂದು ಮೆಚ್ಚುತ್ತಾರೆ! ನುಣುಪು ಗುಣವಲ್ಲ. ತುಸು ರವೆಯಿದ್ದರೂ ಮುಖ ಮುಖವಾಗಿ ಉಳಿದ ಚಿತ್ರವೇ ಉತ್ತಮ.

ಬಣ್ಣದ ಮೆಟ್ಟಿಲುಗಳ ವಿಷಯವೂ ಹೀಗೆಯೇ. ಈ ಮಾದರಿಯು 8 ಬಿಟ್ ಎಂಬ ಕ್ರಮದಲ್ಲಿ ಒಂದೊಂದು ಮೂಲವರ್ಣಕ್ಕೆ 256 ಮೆಟ್ಟಿಲುಗಳನ್ನು ಇಡುತ್ತದೆ. 2024ರಲ್ಲಿ ಬಂದ ಇದರ ಎರಡನೆಯ ಆವೃತ್ತಿಯಲ್ಲಿರುವ 10 ಬಿಟ್ ಕ್ರಮದಲ್ಲಿ 1024. ಇದ್ದುದನ್ನು ಇದ್ದಂತೆ ನೋಡುವವರಿಗೆ 256 ಸಾಮಾನ್ಯವಾಗಿ ಸಾಕು. ಮುದ್ರಣವಾದ ಮೇಲೆ ಬಣ್ಣವನ್ನೂ ಬೆಳಕನ್ನೂ ಬಹಳವಾಗಿ ತಿದ್ದಹೊರಟರೆ ಮಾತ್ರ ಸಂಜೆಯ ಆಕಾಶದಲ್ಲಿ, ಸಾದಾ ಗೋಡೆಯ ಮೇಲೆ ಪಟ್ಟಿಪಟ್ಟಿಯಾದ ಗೆರೆಗಳು ಮೂಡುತ್ತವೆ. ಆದುದರಿಂದ ತಿದ್ದುವ ಕಾಯಕದಲ್ಲಿ ಪಳಗಿದವರಿಲ್ಲದ ಮಠಕ್ಕೆ, ಮನೆಗೆ, ಈ ಹೆಚ್ಚಿನ ಮೆಟ್ಟಿಲುಗಳಿಗಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಇನ್ನೊಂದು ಪ್ರಕ್ಷೇಪಕ್ಕೆ ಯಂತ್ರವಲ್ಲ, ನಾವೇ ಹೊಣೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗುತ್ತವೆ. ಕ್ಯಾಮೆರಾವನ್ನು ಸೆಕೆಂಡಿಗೆ 30 ಚಿತ್ರಗಳು, ಷಟರ್ ವೇಗ ಸೆಕೆಂಡಿನ 60ನೆಯ ಒಂದು ಭಾಗ ಎಂದಿಟ್ಟರೆ ಇವೆರಡಕ್ಕೂ ತಾಳ ತಪ್ಪಿ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. 25 ಚಿತ್ರಗಳು ಮತ್ತು 50ನೆಯ ಒಂದು ಭಾಗ ಎಂದಿಟ್ಟರೆ ಸಾಮಾನ್ಯವಾಗಿ ಈ ತೊಂದರೆ ನಿಲ್ಲುತ್ತದೆ. ಇಷ್ಟನ್ನು ತಿಳಿಯದೆ ಕ್ಯಾಮೆರಾವನ್ನು ದೂಷಿಸುವುದು ನ್ಯಾಯವಲ್ಲ.

ಮೂರನೆಯದು ಪಲ್ಲಟ. ಫಲಕದ ಸಾಲುಗಳೆಲ್ಲ ಒಂದೇ ಕ್ಷಣದಲ್ಲಿ ಓದಲ್ಪಡುವುದಿಲ್ಲ. ಮೇಲಿನ ಸಾಲು ಮೊದಲು, ಕೆಳಗಿನ ಸಾಲು ಕಡೆಗೆ. ಅಷ್ಟರಲ್ಲಿ ಕ್ಯಾಮೆರಾ ವೇಗವಾಗಿ ತಿರುಗಿದರೆ ಮಠದ ನೆಟ್ಟನೆಯ ಕಂಬಗಳು ವಾಲಿದಂತೆ ಕಾಣುತ್ತವೆ. ಎಲ್ಲ ಬಿಂದುಗಳನ್ನೂ ಶ್ರದ್ಧೆಯಿಂದ ಓದುವ ಯಂತ್ರಕ್ಕೆ ಓದಲು ಹೆಚ್ಚು ಸಮಯ ಬೇಕು. ಆದುದರಿಂದ ಈ ಮಾದರಿಯಲ್ಲಿ ವಿವರದ ಗುಣದೊಡನೆ ವಾಲುವ ದೋಷವೂ ಕೂಡಿಕೊಂಡಿದೆ. ಇದರ ದೇಹದೊಳಗೆ ಕೈನಡುಕವನ್ನು ಸರಿದೂಗಿಸುವ ಚಲಿಸುವ ಫಲಕವೂ ಇಲ್ಲ. ಮುಕ್ಕಾಲಿಯ ಮೇಲೆ ನಿಲ್ಲಿಸಿ ಕುಳಿತವರ ಪ್ರವಚನವನ್ನು ಮುದ್ರಿಸುವವರಿಗೆ ಇವೆರಡೂ ಬಾಧಕವಲ್ಲ. ರಥೋತ್ಸವದಲ್ಲಿ ಕೈಯಲ್ಲಿ ಹಿಡಿದು ಓಡಾಡುವವರಿಗೆ ಖಂಡಿತವಾಗಿಯೂ ಬಾಧಕ. ಒಂದೇ ಯಂತ್ರ ಒಂದು ಕಾಯಕಕ್ಕೆ ಯೋಗ್ಯ, ಇನ್ನೊಂದಕ್ಕೆ ಅಯೋಗ್ಯ. ಕಾಯಕವನ್ನು ಹೇಳದೆ ಗುಣವನ್ನು ಹೇಳಲಾಗದು.

ಬಣ್ಣದ ಪಲ್ಲಟವೂ ಉಂಟು. ಚೌಕಟ್ಟಿನ ತುಂಬ ಕಾವಿಯೇ ಇದ್ದರೆ, ಬಿಳಿಯ ಸಮತೋಲವನ್ನು ತಾನೇ ನಿರ್ಧರಿಸುವ ಯಂತ್ರವು ಬೆಳಕೇ ಕೆಂಪಾಗಿದೆ ಎಂದು ಭ್ರಮಿಸಿ ಚಿತ್ರಕ್ಕೆ ನೀಲಿಯನ್ನು ಸೇರಿಸುತ್ತದೆ. ಬಿಳಿಯ ಕಾಗದವೊಂದನ್ನು ಅದೇ ಬೆಳಕಿನಲ್ಲಿ ತೋರಿಸಿ, ಸಮತೋಲವನ್ನು ಸ್ಥಿರಗೊಳಿಸಿದ ಮೇಲೆ ಮುದ್ರಣ ಆರಂಭಿಸುವುದು ಇದಕ್ಕೆ ಮದ್ದು.

ಇಷ್ಟಾದ ಮೇಲೆ ಸಂಕ್ಷೇಪದ ಮಾತು. ಭಜನೆಯ ಹಸ್ತಪ್ರತಿಯಲ್ಲಿ ಪಲ್ಲವಿಯನ್ನು ಒಮ್ಮೆ ಬರೆದು, ಮುಂದೆ ಅದರ ಮೊದಲಕ್ಷರವನ್ನು ಮಾತ್ರ ಬರೆಯುವ ವಾಡಿಕೆ ನಿಮಗೆ ಗೊತ್ತು. ಕ್ಯಾಮೆರಾ ಮಾಡುವುದೂ ಅದನ್ನೇ. ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ಮುಂದಿನವುಗಳಲ್ಲಿ ಬದಲಾದುದನ್ನು ಮಾತ್ರ ಬರೆಯುತ್ತದೆ. ಈ ಮಾದರಿಯ 4ಕೆ ಮುದ್ರಣದ ಗರಿಷ್ಠ ಪ್ರಮಾಣ ಸೆಕೆಂಡಿಗೆ 100 ಮೆಗಾಬಿಟ್. ಸಂಕ್ಷೇಪಿಸದೆ ಬರೆದರೆ ಒಂದೇ ಚಿತ್ರಕ್ಕೆ ಹೆಚ್ಚುಕಡಿಮೆ ಅಷ್ಟು ಜಾಗ ಬೇಕು. ಯಂತ್ರವು ಅಷ್ಟರಲ್ಲಿಯೇ 25 ಚಿತ್ರಗಳನ್ನು ಅಡಕಗೊಳಿಸುತ್ತದೆ. ಕುಳಿತು ಮಾತನಾಡುವವರ ಚಿತ್ರದಲ್ಲಿ ಬದಲಾವಣೆ ಕಡಿಮೆ. ಆದುದರಿಂದ ಸಂಕ್ಷೇಪದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ತೇರಿಗೆ ಉತ್ತತ್ತಿ, ಬಾಳೆಹಣ್ಣುಗಳನ್ನು ಎಸೆಯುವ ಸಾವಿರಾರು ಕೈಗಳ ದೃಶ್ಯದಲ್ಲಿ ಪ್ರತಿಯೊಂದು ಬಿಂದುವೂ ಬದಲಾಗುತ್ತದೆ; ಆಗ ಚಿತ್ರವು ಅಲ್ಲಲ್ಲಿ ಚೌಕಚೌಕವಾಗಿ ಒಡೆಯುತ್ತದೆಯೇ ಎಂದು ನೋಡಬೇಕು. ಜಾತ್ರೆಯವರೆಗೆ ಕಾಯಬೇಕಾಗಿಲ್ಲ, ಗಾಳಿಗೆ ಅಲುಗುವ ಬೇವಿನ ಮರವೊಂದು ಪರೀಕ್ಷೆಗೆ ಸಾಕು.

ಚಿತ್ರವನ್ನು ತೀಕ್ಷ್ಣವಾಗಿ ಹಿಡಿದಿಡುವ ಶಕ್ತಿಯೂ ಗುಣದ ಭಾಗವೇ. ಈ ಮಾದರಿಯು ಮುಖವನ್ನು ಗುರುತಿಸಿ ಹಿಂಬಾಲಿಸುತ್ತದೆ. ಕೈಯಲ್ಲಿ ಹಿಡಿದ ವಸ್ತುವನ್ನು ಮುಂದೆ ಚಾಚಿದರೆ ದೃಷ್ಟಿಯನ್ನು ಅದರ ಕಡೆಗೆ ತಿರುಗಿಸುವ ಸೌಲಭ್ಯವೂ ಇದೆ. ಸರಕನ್ನು ತೋರಿಸುವವರಿಗೆಂದು ಮಾಡಿದ ಈ ಸೌಲಭ್ಯ ಪ್ರವಚನಕಾರರು ಓಲೆಗರಿಯೊಂದನ್ನು ಎತ್ತಿ ತೋರಿಸುವಾಗಲೂ ಒದಗಿ ಬರುತ್ತದೆ. ಆದರೆ ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ದೂರವಿರಲಿ. ಅಲ್ಲಿ ದೃಷ್ಟಿ ನೆಡಬೇಕಾದವನು ಭಕ್ತನೇ ಹೊರತು ಯಂತ್ರವಲ್ಲ.

ಧ್ವನಿಯನ್ನು ಕಡೆಗಿಟ್ಟೆವೆಂದು ಅದು ಕಡೆಯದೆಂದು ತಿಳಿಯಬಾರದು. ಪ್ರವಚನದಲ್ಲಿ ಮಾತೇ ಮೂಲ, ಚಿತ್ರ ಅದಕ್ಕೆ ಟೀಕು. ಚಿತ್ರ ಮಂಕಾದರೂ ಕೇಳಿಸುವ ಮಾತು ಉಪಯೋಗಕ್ಕೆ ಬರುತ್ತದೆ. ಚಿತ್ರ ಎಷ್ಟೇ ಸ್ಫುಟವಾದರೂ ಕೇಳಿಸದ ಮಾತು ವ್ಯರ್ಥ. ಇಪ್ಪತ್ತು ಅಡಿ ದೂರದ ಕ್ಯಾಮೆರಾದ ಮೈಕು ಮಾತಿಗಿಂತ ಹೆಚ್ಚಾಗಿ ಸಭೆಯ ಕೆಮ್ಮನ್ನೂ ಫ್ಯಾನಿನ ಸದ್ದನ್ನೂ ಹಿಡಿಯುತ್ತದೆ. ಹೊರಗಿನ ಮೈಕನ್ನು ಜೋಡಿಸುವ ರಂಧ್ರ, ಅದು ಸರಿಯಾಗಿ ಹಿಡಿಯುತ್ತಿದೆಯೇ ಎಂದು ಆಲಿಸಲು ಹೆಡ್‌ಫೋನಿನ ರಂಧ್ರ, ಎರಡೂ ಈ ಮಾದರಿಯಲ್ಲಿವೆ. ಯಾವ ಕ್ಯಾಮೆರಾವನ್ನು ಕೊಳ್ಳುವಾಗಲೂ ಇವೆರಡನ್ನು ವಿಚಾರಿಸತಕ್ಕದ್ದು.

ಕಾಲದ ಪರೀಕ್ಷೆಯೂ ಅಗತ್ಯ. ಹಿಂದಿನ ಅನೇಕ ಕ್ಯಾಮೆರಾಗಳು ಅರ್ಧ ಗಂಟೆಗೆ ಒಂದು ಸೆಕೆಂಡು ಮುಂಚೆಯೇ ನಿಂತುಬಿಡುತ್ತಿದ್ದವು. ಅರ್ಧ ಗಂಟೆ ಅಥವಾ ಹೆಚ್ಚು ಕಾಲ ಸತತವಾಗಿ ಮುದ್ರಿಸುವ ಯಂತ್ರಕ್ಕೆ ಐರೋಪ್ಯ ಒಕ್ಕೂಟದಲ್ಲಿ ಹೆಚ್ಚಿನ ಆಮದು ಸುಂಕವಿದ್ದುದೇ ಅದಕ್ಕೆ ಕಾರಣ. ಹಳೆಯ ಕ್ಯಾಮೆರಾವನ್ನು ಕೈಬದಲಾಗಿ ಕೊಳ್ಳುವವರು ಇದನ್ನು ಗಮನಿಸಬೇಕು. ಸಣ್ಣ ದೇಹದಲ್ಲಿ ಶಾಖವೂ ಬೇಗ ಸೇರುತ್ತದೆ. ಮೇಲೆ ಹೇಳಿದ ಪ್ರಮಾಣದಲ್ಲಿ ಒಂದು ಗಂಟೆಗೆ ಸುಮಾರು 45 ಗಿಗಾಬೈಟ್ ಬೇಕಾಗುವುದರಿಂದ 64 ಗಿಗಾಬೈಟಿನ ಕಾರ್ಡು ಒಂದೂವರೆ ಗಂಟೆಯೊಳಗೇ ಮುಗಿಯುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ನೋಡಿ ಮೆಚ್ಚುವುದು ಪರೀಕ್ಷೆಯಲ್ಲ. ಚೈತ್ರದ ಮಧ್ಯಾಹ್ನ ಒಂದೂವರೆ ಗಂಟೆ ಎಡೆಬಿಡದೆ ನಡೆಯುವ ಯಂತ್ರವನ್ನು ಮಾತ್ರ ಪ್ರವಚನಕ್ಕೆ ನಂಬಬಹುದು.

ಪರೀಕ್ಷೆಯ ಕ್ರಮವನ್ನು ಒಟ್ಟುಗೂಡಿಸಿ ಹೇಳುವುದಾದರೆ: ಸಾಧ್ಯವಿದ್ದರೆ ಕ್ಯಾಮೆರಾವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತನ್ನಿರಿ. ನೀವು ನಿಜವಾಗಿ ಬಳಸುವ ಸ್ಥಳದಲ್ಲಿ, ನಿಜವಾಗಿ ಇರುವ ಬೆಳಕಿನಲ್ಲಿ ಇಡಿರಿ. ಒಮ್ಮೆಗೆ ಒಂದನ್ನೇ ಬದಲಿಸಿರಿ; ಬೆಳಕು, ಮಸೂರ, ವೇಗ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿರಿ. ಫೋನಿನ ಮೂಲಕ ಕಳುಹಿಸಿ ನೋಡುವುದೂ ಬೇಡ, ಅಲ್ಲಿ ಮತ್ತೊಬ್ಬ ಲಿಪಿಕಾರ ನಡುವೆ ಬಂದು ಇನ್ನಷ್ಟು ಸಂಕ್ಷೇಪಿಸುತ್ತಾನೆ. ಮೂಲ ಕಡತವನ್ನೇ ದೊಡ್ಡ ಪರದೆಯಲ್ಲಿ, ಮೂಲವನ್ನು ಕಣ್ಣಾರೆ ಕಂಡವರ ಜೊತೆ ಕುಳಿತು ನೋಡಿರಿ. ಬಿಟ್ಟುದೇನು, ಸೇರಿಸಿದುದೇನು, ಪಲ್ಲಟವಾದುದೇನು ಎಂದು ಅವರನ್ನೇ ಕೇಳಿರಿ.

ಹಣವನ್ನು ಹಂಚುವ ಬಗೆಯೂ ಇದರಿಂದಲೇ ತಿಳಿಯುತ್ತದೆ. ದಾನಿಯ ಹಣವೆಲ್ಲ ಕ್ಯಾಮೆರಾದ ದೇಹಕ್ಕೇ ಹೋಗುವುದು ಸರಿಯಲ್ಲ. ಜೊತೆಯಲ್ಲಿ ಬರುವ ಸಾಮಾನ್ಯ ಮಸೂರವು ದೂರದ ದೃಶ್ಯಕ್ಕೆ ಎಫ್ 5.6ರಷ್ಟೇ ತೆರೆಯುತ್ತದೆ, ಎಫ್ 1.8ರ ಮಸೂರ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಮಂದ ಬೆಳಕಿನ ಮಠದಲ್ಲಿ ದೇಹವನ್ನು ಬದಲಿಸುವುದಕ್ಕಿಂತ ಮಸೂರವನ್ನು ಬದಲಿಸುವುದೇ ಹೆಚ್ಚು ಫಲಕಾರಿ. ದೃಢವಾದ ಮುಕ್ಕಾಲಿ, ಒಳ್ಳೆಯ ಮೈಕು, ಉತ್ತಮ ಮಸೂರ, ಅನಂತರ ದೇಹ. ಇದು ನಾವು ಸೂಚಿಸುವ ಅನುಕ್ರಮ. ಈ ಲೆಕ್ಕದಲ್ಲಿ ಕುಳಿತು ನಡೆಸುವ ಪ್ರವಚನಕ್ಕೆ, ಮನೆಯ ಹಿರಿಯರ ಮಾತುಕತೆಗೆ 2021ರ ಮಾದರಿಯಂಥ ಕ್ಯಾಮೆರಾ ಧಾರಾಳವಾಗಿ ಸಾಕು. ಓಡಾಟದ ಉತ್ಸವಗಳೇ ಮುಖ್ಯವೆನ್ನುವವರು ದೇಹದಲ್ಲಿಯೇ ಸ್ಥಿರತೆಯುಳ್ಳ, ಸಾಲುಗಳನ್ನು ಬೇಗ ಓದುವ ಬೇರೊಂದನ್ನು ಅರಸಬೇಕು.

ಇಷ್ಟೊಂದು ಸೂಕ್ಷ್ಮವೇಕೆ ಎಂದು ಕೆಲವರು ಕೇಳಿಯಾರು. ಓಲೆಗರಿಯ ಒಂದು ಪ್ರತಿ ತಪ್ಪಾದರೆ ಇನ್ನೊಂದು ಪ್ರತಿಯೊಡನೆ ಹೋಲಿಸಿ ತಿದ್ದಲು ಅವಕಾಶವಿತ್ತು. ತೊಂಬತ್ತು ದಾಟಿದ ಅಜ್ಜಿ ಬೀಸುಕಲ್ಲಿನ ಪದವೊಂದನ್ನು ಹಾಡುವಾಗ ಮಾಡಿದ ಮುದ್ರಣಕ್ಕೆ ಇನ್ನೊಂದು ಪ್ರತಿಯಿಲ್ಲ. ಯಂತ್ರ ಬಿಟ್ಟುದು ಬಿಟ್ಟಂತೆಯೇ ಉಳಿಯುತ್ತದೆ. ಅದು ಸೇರಿಸಿದುದನ್ನು ಮೊಮ್ಮಕ್ಕಳು ನಿಜವೆಂದೇ ನಂಬುತ್ತಾರೆ. ಆದುದರಿಂದ ಒಳ್ಳೆಯ ಕ್ಯಾಮೆರಾ ಸಿಗಲೆಂದು ವರ್ಷಗಟ್ಟಲೆ ಕಾಯುವುದೂ ತರವಲ್ಲ. ಹಿರಿಯರ ಆಯುಷ್ಯ ಹೊಸ ಮಾದರಿಗಾಗಿ ಕಾಯುವುದಿಲ್ಲ. ಕೈಯಲ್ಲಿರುವ ಯಂತ್ರದ ದೋಷವನ್ನು ಅರಿತು, ಆ ದೋಷ ತಟ್ಟದಂತೆ ಬೆಳಕನ್ನೂ ಸ್ಥಳವನ್ನೂ ಅಣಿಗೊಳಿಸಿ, ಈ ತಿಂಗಳೇ ಮುದ್ರಿಸಿರಿ. ಮುದ್ರಿಸಿದುದನ್ನು ಎರಡು ಬೇರೆ ಬೇರೆ ಕಡೆ ಕಾಪಿಡಿರಿ. ಗುಣವನ್ನು ಅಳೆಯುವುದು ಕೊಳ್ಳುವ ಸಲುವಾಗಿ ಮಾತ್ರವಲ್ಲ, ಇರುವುದನ್ನು ಸರಿಯಾಗಿ ಬಳಸುವ ಸಲುವಾಗಿಯೂ ಬೇಕಾದ ಅರಿವು.